ಪುಣ್ಯನಗರಿ ಜೆರುಸಲೇಮ್ ಮತ್ತು ಮಸ್ಜಿದ್ ಬಂದರದ ದಯಾದ್ವಾರ

ವಿಲೆ ಪಾರ್ಲೆಯಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಕಡೆಗೆ ಹೊರಟರೆ, ಕೊನೆಯ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲು ಮಸ್ಜಿದ್ ಸಿಗುತ್ತದೆ. ಹೋಟೆಲ್ ಉದ್ಯಮದಲ್ಲಿರುವ ನಮ್ಮವರಿಗೆ ಈ ನಿಲ್ದಾಣ ಚಿರಪರಿಚಿತ. ಮಸಾಲೆ ಸಾಮಾನು, ಗೋಡಂಬಿ, ದ್ರಾಕ್ಷಿಗಳ ಸಗಟು ಪೇಟೆ ಇರುವುದು ಇಲ್ಲಿಯೇ. ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಆ ಬೀದಿಗಳಲ್ಲಿ ನಡೆದವರು ‘ಸ್ಯಾಮ್ಯುಯೆಲ್ ಸ್ಟ್ರೀಟ್’ ಎಂಬ ಫಲಕವನ್ನು ಕಂಡಿರಬಹುದು. ಆದರೆ ಆ ಸ್ಯಾಮ್ಯುಯೆಲ್ ಯಾರು, ಅವನಿಗೂ ನಮ್ಮ ಮೈಸೂರು ಸೀಮೆಗೂ ಏನು ಸಂಬಂಧ ಎಂದು ವಿಚಾರಿಸಿದವರು ವಿರಳ.

ಆ ಬೀದಿಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವೊಂದಿದೆ. ಅವರ ಭಾಷೆಯಾದ ಹೀಬ್ರೂವಿನಲ್ಲಿ ಅದರ ಹೆಸರು ‘ಶಾರ್ ಹಾರಹಮೀಮ್’, ಅಂದರೆ ದಯಾದ್ವಾರ. ಮುಂಬಯಿಯ ಅತ್ಯಂತ ಹಳೆಯ ಸಿನೆಗಾಗ್ ಇದು, ಸ್ಥಾಪನೆಯಾದದ್ದು 1796ರಲ್ಲಿ. ಸುತ್ತಲಿನ ಜನ ಇದನ್ನು ‘ಜುನೀ ಮಸ್ಜಿದ್’ ಎಂದು ಕರೆಯುತ್ತಿದ್ದರು. ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎಂಬ ವಿವರಣೆಯೂ ಪ್ರಚಲಿತವಾಗಿದೆ. ಒಳಗೆ ಪಶ್ಚಿಮದ ಗೋಡೆಯಲ್ಲಿ ಧರ್ಮಗ್ರಂಥದ ಸುರುಳಿಗಳನ್ನಿಡುವ ಪವಿತ್ರ ಕಪಾಟು ಇದೆ. ಪ್ರಾರ್ಥಿಸುವವರೆಲ್ಲರೂ ಅತ್ತ ಮುಖ ಮಾಡಿ ನಿಲ್ಲುತ್ತಾರೆ. ಅರಬ್ಬೀ ಸಮುದ್ರದಾಚೆ, ಮರುಭೂಮಿಗಳಾಚೆ, ಆ ದಿಕ್ಕಿನಲ್ಲಿರುವುದು ಜೆರುಸಲೇಮ್.

ಹತ್ತೊಂಬತ್ತು ಶತಮಾನಗಳ ಕಾಲ ಯೆಹೂದ್ಯರಲ್ಲಿ ಬಹುಪಾಲು ಮಂದಿ ಕಣ್ಣಿನಿಂದ ಕಾಣದೇ ಇದ್ದ ಒಂದು ಊರು ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಹೇಗೆ? ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಸಂಸಾರ ಹೂಡಿರುವ ನಮಗೆ ಈ ಪ್ರಶ್ನೆ ಕೇವಲ ಪರದೇಶದ ಚರಿತ್ರೆಯದಲ್ಲ. ಆದುದರಿಂದ ವಾಚಕರೊಡನೆ ಈ ವಿಚಾರವನ್ನು ಹಂಚಿಕೊಳ್ಳಬೇಕೆನಿಸಿತು.

ಮೈಸೂರಿನ ಸೆರೆಯಲ್ಲಿ ಹೊತ್ತ ಹರಕೆ

ಸ್ಯಾಮ್ಯುಯೆಲ್ ಎಜೆಕೀಲ್ ದಿವೇಕರ್, ತನ್ನವರ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ದೇಶೀ ಅಧಿಕಾರಿಯಾಗಿದ್ದನು. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವನೂ ಅವನ ಸಹೋದರನೂ ಮೈಸೂರಿನವರ ಕೈಗೆ ಸೆರೆಸಿಕ್ಕರು. ಮುಂದಿನದನ್ನು ಸಮುದಾಯದ ಐತಿಹ್ಯ ಹೀಗೆ ಹೇಳುತ್ತದೆ: ಬಂದಿಗಳ ಕುಲವನ್ನು ವಿಚಾರಿಸಿದಾಗ ಅವರು ‘ಬೆನೆ ಇಸ್ರಾಯೇಲ್’, ಅಂದರೆ ಇಸ್ರಾಯೇಲನ ಮಕ್ಕಳು, ಎಂದು ಉತ್ತರಿಸಿದರು. ಅದನ್ನು ಕೇಳಿದ ಟಿಪ್ಪು ಸುಲ್ತಾನನ ತಾಯಿ, ಈ ಕುಲದ ಹೆಸರು ಪವಿತ್ರ ಕುರಾನಿನಲ್ಲಿ ಬರುತ್ತದೆ, ಇವರನ್ನು ಕೊಲ್ಲಿಸಬಾರದೆಂದು ಮಗನಿಗೆ ತಿಳಿಹೇಳಿದಳು. ಹೀಗೆ ಜೀವ ಉಳಿಯಿತು.

ಬದುಕಿ ಮನೆಗೆ ಹಿಂದಿರುಗಿದರೆ ದೇವರಿಗೊಂದು ಮಂದಿರ ಕಟ್ಟಿಸುವೆನೆಂದು ಸಾಮಾಜಿ ಸೆರೆಯಲ್ಲಿ ಹರಕೆ ಹೊತ್ತಿದ್ದನಂತೆ. ಬಿಡುಗಡೆಯಾಗಿ ಬಂದವನು ಮಾತು ಉಳಿಸಿಕೊಂಡನು. ಬಳಿಕ ಧರ್ಮಗ್ರಂಥದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲಿಯೇ ತೀರಿಕೊಂಡನೆಂದು ಹೇಳುತ್ತಾರೆ. ಮಂದಿರ ಮಾತ್ರ ಉಳಿಯಿತು. 1860ರಲ್ಲಿ ಈಗಿರುವ ಜಾಗದಲ್ಲಿ ಪುನಃ ನಿರ್ಮಾಣವಾಯಿತು. ಕನ್ನಡ ನಾಡಿನ ಸೆರೆಮನೆಯಲ್ಲಿ ಮೂಡಿದ ಸಂಕಲ್ಪ, ಮುಂಬಯಿಯ ಪೇಟೆಬೀದಿಯಲ್ಲಿ, ಜೆರುಸಲೇಮಿನ ಕಡೆಗೆ ಮುಖಮಾಡಿ ನಿಂತಿತು.

ನದಿಯಿಲ್ಲದ, ಬಂದರಿಲ್ಲದ ಊರು

ಜೆರುಸಲೇಮ್ ಎಂದೊಡನೆ ಸಮೃದ್ಧವಾದ ರಾಜಧಾನಿಯನ್ನು ಕಲ್ಪಿಸಿಕೊಳ್ಳುವವರಿಗೆ ಅಲ್ಲಿನ ಭೂಗೋಳ ಆಶ್ಚರ್ಯವನ್ನುಂಟುಮಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಸುಣ್ಣಕಲ್ಲಿನ ಬೆಟ್ಟದ ಮೇಲಿನ ಊರು ಅದು. ನದಿಯಿಲ್ಲ, ಬಂದರಿಲ್ಲ, ಗಣಿಯಿಲ್ಲ. ಪ್ರಾಚೀನ ಊರಿಗೆ ಆಧಾರವಾಗಿದ್ದುದು ಗೀಹೋನ್ ಎಂಬ ಒಂದು ಬುಗ್ಗೆ. ಶತ್ರುಗಳು ಮುತ್ತಿಗೆ ಹಾಕಿದಾಗ ನೀರು ಕೈತಪ್ಪದಿರಲೆಂದು ಕ್ರಿ.ಪೂ. 700ರ ಸುಮಾರಿನಲ್ಲಿ ಬಂಡೆಯನ್ನು ಕೊರೆದು ಅರ್ಧ ಕಿಲೋಮೀಟರಿಗೂ ಉದ್ದವಾದ ಸುರಂಗದಲ್ಲಿ ಆ ನೀರನ್ನು ಕೋಟೆಯೊಳಕ್ಕೆ ಹರಿಸಿದ್ದರು. ಆ ಸುರಂಗದಲ್ಲಿ ಇಂದಿಗೂ ನಡೆದು ಹೋಗಬಹುದು.

ಕ್ರಿ.ಪೂ. 1000ದ ಸುಮಾರಿಗೆ ದಾವೀದನೆಂಬ ಅರಸನು ಈ ಊರನ್ನು ಗೆದ್ದು ರಾಜಧಾನಿಯನ್ನಾಗಿ ಮಾಡಿದನೆಂದು ಬೈಬಲ್ ಹೇಳುತ್ತದೆ. ಇಸ್ರಾಯೇಲಿನ ಕುಲಗಳಲ್ಲಿ ಯಾವುದೊಂದರ ಸ್ವತ್ತೂ ಆಗಿರದ ಊರು, ಆದುದರಿಂದ ಎಲ್ಲ ಕುಲಗಳಿಗೂ ಸಲ್ಲುವ ಊರು ಎಂಬುದು ಆ ಆಯ್ಕೆಗೆ ಒಂದು ಕಾರಣವಾಗಿದ್ದೀತೆಂದು ಇತಿಹಾಸಕಾರರು ಊಹಿಸುತ್ತಾರೆ. ಅವನ ಮಗ ಸೊಲೊಮೋನನು ಅಲ್ಲಿ ದೇವಾಲಯವನ್ನು ಕಟ್ಟಿಸಿದನು. ಬಲಿಪೂಜೆಗಳು ಅಲ್ಲಿ ನಡೆದವು. ವರ್ಷಕ್ಕೆ ಮೂರು ಹಬ್ಬಗಳಿಗೆ ಜನ ಬೆಟ್ಟ ಹತ್ತಿ ಬರುತ್ತಿದ್ದರು. ಕೋಟೆಯಿದ್ದ ದಿಬ್ಬಕ್ಕೆ ಮೊದಲು ಸಲ್ಲುತ್ತಿದ್ದ ‘ಸಿಯೋನ್’ ಎಂಬ ಹೆಸರು ಕ್ರಮೇಣ ದೇವಾಲಯದ ಬೆಟ್ಟಕ್ಕೆ, ಬಳಿಕ ಇಡೀ ಊರಿಗೆ, ಕೊನೆಗೆ ಆ ಊರನ್ನು ನೆನೆಯುವ ಜನಾಂಗಕ್ಕೇ ಸಂಕೇತವಾಯಿತು.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೇನೆ ಊರನ್ನೂ ದೇವಾಲಯವನ್ನೂ ಸುಟ್ಟು ಜನರನ್ನು ಸೆರೆಯೊಯ್ದಿತು. ಆ ಕಾಲದಲ್ಲಿ ದೇವರುಗಳೆಂದರೆ ಆಯಾ ನೆಲದ ದೇವರುಗಳು. ಗುಡಿ ಬಿದ್ದರೆ ದೇವರೂ ಸೋತಂತೆ, ಜನ ಗೆದ್ದವರ ದೇವರಿಗೆ ಕೈಮುಗಿಯುವುದು ಲೋಕರೂಢಿ. ಯೆಹೂದ್ಯರು ಹಾಗೆ ಮಾಡಲಿಲ್ಲ. ಬ್ಯಾಬಿಲೋನಿನ ನದಿಗಳ ದಡದಲ್ಲಿ ಕುಳಿತು ಜೆರುಸಲೇಮನ್ನು ಮರೆಯಲಾರೆವೆಂದು ಶಪಥ ಮಾಡುವ 137ನೆಯ ಕೀರ್ತನೆ ಈ ಸೆರೆವಾಸದ ನೆನಪಿನಿಂದ ಹುಟ್ಟಿತು. ಊರು ಕಳೆದುಹೋದಾಗಲೇ ಜೆರುಸಲೇಮ್ ಒಂದು ಸಂಕೇತವಾಗತೊಡಗಿತು ಎನ್ನಬಹುದು.

ಕ್ರಿ.ಪೂ. 538ರಲ್ಲಿ ಪಾರಸೀಕ ಚಕ್ರವರ್ತಿ ಸೈರಸನು ಅವರಿಗೆ ಹಿಂದಿರುಗಲು ಅನುಮತಿಯಿತ್ತನು. ಎರಡನೆಯ ದೇವಾಲಯ ಎದ್ದುನಿಂತಿತು. ಹೆರೋದ ರಾಜನು ಅದನ್ನು ಭವ್ಯವಾಗಿ ವಿಸ್ತರಿಸಿದನು. ಆದರೆ ಕ್ರಿ.ಶ. 70ರಲ್ಲಿ ರೋಮನ್ ಸೇನಾನಿ ಟೈಟಸನು ಅದನ್ನೂ ನೆಲಸಮ ಮಾಡಿದನು. ಲೂಟಿಮಾಡಿದ ಏಳು ಕವಲಿನ ದೀಪಸ್ತಂಭವನ್ನು ರೋಮಿಗೆ ಹೊತ್ತೊಯ್ಯುವ ದೃಶ್ಯ ಅಲ್ಲಿಯ ಟೈಟಸನ ವಿಜಯತೋರಣದ ಶಿಲ್ಪದಲ್ಲಿ ಇಂದಿಗೂ ಕಾಣುತ್ತದೆ. ಕ್ರಿ.ಶ. 135ರಲ್ಲಿ ಕೊನೆಯ ದಂಗೆಯೂ ಅಡಗಿದ ಮೇಲೆ ಹೇಡ್ರಿಯನ್ ಚಕ್ರವರ್ತಿ ಊರಿನ ಹೆಸರನ್ನೇ ಅಳಿಸಿ ‘ಏಲಿಯಾ ಕಾಪಿಟೋಲಿನಾ’ ಎಂದು ಕರೆದನು. ಯೆಹೂದ್ಯರಿಗೆ ಪ್ರವೇಶ ನಿಷಿದ್ಧವಾಯಿತು. ನಾಲ್ಕನೆಯ ಶತಮಾನದಲ್ಲಿ ವರ್ಷಕ್ಕೊಂದು ದಿನ ಮಾತ್ರ ಒಳಬಂದು ಅತ್ತುಹೋಗಲು ಅವರಿಗೆ ಅವಕಾಶವಿತ್ತೆಂದು ಅಂದಿನ ಕ್ರೈಸ್ತ ಯಾತ್ರಿಕರ ಬರಹಗಳಿಂದ ತಿಳಿದುಬರುತ್ತದೆ. ಅವರು ಇಂದು ತಲೆಯಿಟ್ಟು ಪ್ರಾರ್ಥಿಸುವ ‘ಪಶ್ಚಿಮದ ಗೋಡೆ’ ಕೂಡ ದೇವಾಲಯದ ಗೋಡೆಯಲ್ಲ. ದೇವಾಲಯವಿದ್ದ ದಿಬ್ಬಕ್ಕೆ ಹೆರೋದನ ಕಾಲದಲ್ಲಿ ಕಟ್ಟಿದ ಆನಿಕೆಗೋಡೆ.

ಕಲ್ಲು ಹೋಗಿ ಕಟ್ಟಳೆ ಉಳಿಯಿತು

ಈ ಎರಡನೆಯ ನಾಶದ ಬಳಿಕ ಆ ಜನಾಂಗ ಉಳಿದದ್ದು ಹೇಗೆಂಬುದೇ ನಮ್ಮ ಮುಖ್ಯ ವಿಷಯ. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವು ಮುತ್ತಿಗೆಗೊಳಗಾದ ಜೆರುಸಲೇಮಿನಿಂದ ಪಾರಾಗಿ ಯಾವ್ನೆ ಎಂಬ ಚಿಕ್ಕ ಊರಿನಲ್ಲಿ ವಿದ್ಯಾಪೀಠವನ್ನು ನಡೆಸಿದನು. ಬಲಿಪೀಠದ ಸ್ಥಾನವನ್ನು ಪ್ರಾರ್ಥನೆ, ಅಧ್ಯಯನ, ದಾನಗಳು ತುಂಬಿದವು. ಹತ್ತು ಮಂದಿ ಗಂಡಸರು ಕೂಡಿದಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯಬಹುದೆಂದಾಯಿತು. ಮನೆಯ ಊಟದ ಮೇಜು ವೇದಿಕೆಗೆ ಸಮಾನವೆನಿಸಿತು. ಹೀಗೆ ಜೆರುಸಲೇಮ್ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಊರಾಯಿತು.

ಆ ಒಯ್ಯುವ ಕೆಲಸ ಭಾವಾವೇಶದಿಂದ ನಡೆಯಲಿಲ್ಲ. ಸಣ್ಣ ಸಣ್ಣ ಕಟ್ಟಳೆಗಳಿಂದ ನಡೆಯಿತು ಎಂಬುದನ್ನು ಗಮನಿಸಬೇಕು. ಯುರೋಪಿನವನು ಪೂರ್ವಕ್ಕೆ, ಮುಂಬಯಿಯವನು ಪಶ್ಚಿಮಕ್ಕೆ ತಿರುಗಿ ದಿನಕ್ಕೆ ಮೂರು ಹೊತ್ತು ಪ್ರಾರ್ಥಿಸುತ್ತಾನೆ; ಆ ಪ್ರಾರ್ಥನೆಯಲ್ಲಿಯೂ, ಊಟದ ಅನಂತರ ಹೇಳುವ ಕೃತಜ್ಞತೆಯಲ್ಲಿಯೂ, ಆ ಊರು ಮತ್ತೆ ಕಟ್ಟಲ್ಪಡಲೆಂಬ ಬೇಡಿಕೆಯಿದೆ. ಮದುವೆಯ ಸಂಭ್ರಮದ ನಡುವೆ ವರನು ಗಾಜಿನ ಲೋಟವೊಂದನ್ನು ಕಾಲಿನಿಂದ ತುಳಿದು ಒಡೆಯುತ್ತಾನೆ. ಪರಮ ಸುಖದ ಗಳಿಗೆಯಲ್ಲೂ ಬಿದ್ದ ದೇವಾಲಯ ನೆನಪಿರಲೆಂದು ಅದರ ಅರ್ಥ. ಹೊಸ ಮನೆ ಕಟ್ಟಿದವನು ಗೋಡೆಯ ಒಂದು ಮೊಳದಷ್ಟು ಜಾಗಕ್ಕೆ ಗಿಲಾವು ಮಾಡದೆ ಬಿಡಬೇಕೆಂಬ ಹಳೆಯ ನಿಯಮವಿದೆ. ಸಾವಿನ ಮನೆಗೆ ಹೋದವರು ಹೇಳುವ ಸಾಂತ್ವನದ ಮಾತಿನಲ್ಲಿಯೂ ಸಿಯೋನ್ ಮತ್ತು ಜೆರುಸಲೇಮಿಗಾಗಿ ದುಃಖಿಸುವವರೆಲ್ಲರ ಸ್ಮರಣೆ ಬರುತ್ತದೆ. ಒಂದು ಮನೆಯ ದುಃಖ ಇಡೀ ಜನಾಂಗದ ದುಃಖದೊಡನೆ ಸೇರಿ ಹಗುರವಾಗುತ್ತದೆ.

ಇವೆಲ್ಲಕ್ಕಿಂತ ಮುಂಬಯಿಯ ನಮಗೆ ಕುತೂಹಲವೆನಿಸುವುದು ಮಳೆಯ ಪ್ರಾರ್ಥನೆ. ಜೆರುಸಲೇಮಿನಲ್ಲಿ ಬೇಸಿಗೆಯುದ್ದಕ್ಕೂ ಹನಿ ಮಳೆಯಿಲ್ಲ. ಮಳೆಗಾಲ ಬರುವುದು ಚಳಿಯೊಡನೆ. ಆದುದರಿಂದ ಶರತ್ಕಾಲದ ಹಬ್ಬಗಳ ಕೊನೆಗೆ, ಸಾಮಾನ್ಯವಾಗಿ ಅಕ್ಟೋಬರದಲ್ಲಿ, ಲೋಕದ ಎಲ್ಲ ಸಿನೆಗಾಗುಗಳಲ್ಲಿ ಮಳೆಗಾಗಿ ಪ್ರಾರ್ಥಿಸುತ್ತಾರೆ. ಮುಂಬಯಿಯಲ್ಲಿ ಆ ವೇಳೆಗೆ ನಾಲ್ಕು ತಿಂಗಳು ಸುರಿದ ಮಳೆ ಹಿಂದೆಗೆಯುತ್ತಿರುತ್ತದೆ, ನಾವು ಕೊಡೆಗಳನ್ನು ಮಡಚಿ ಅಟ್ಟಕ್ಕೆ ಹಾಕುತ್ತಿರುತ್ತೇವೆ. ಆಗ ಸ್ಯಾಮ್ಯುಯೆಲ್ ಬೀದಿಯಲ್ಲಿ ಮಳೆ ಬರಲಿ ಎಂಬ ಪ್ರಾರ್ಥನೆ ಏಳುತ್ತದೆ. ಕೇಳುವುದು ತಮ್ಮ ತಲೆಯ ಮೇಲಿನ ಮಳೆಯನ್ನಲ್ಲ; ಪೂರ್ವಜರ ಹೊಲದ ಮಳೆಯನ್ನು.

ಉಪವಾಸದ ದಿನ

ಎರಡೂ ದೇವಾಲಯಗಳು ನಾಶವಾದದ್ದು ಆವ್ ಎಂಬ ಮಾಸದ ಒಂಬತ್ತನೆಯ ದಿನವೆಂದು ಪರಂಪರೆ. ನಮ್ಮ ಪಂಚಾಂಗದಲ್ಲಿ ಅದು ಹೆಚ್ಚಾಗಿ ಶ್ರಾವಣ ಶುಕ್ಲ ನವಮಿಯ ಆಸುಪಾಸಿಗೆ ಬೀಳುತ್ತದೆ. ಅಂದು ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವವರೆಗೆ ಅನ್ನವಿಲ್ಲ, ನೀರೂ ಇಲ್ಲ. ಚರ್ಮದ ಪಾದರಕ್ಷೆಗಳನ್ನು ಧರಿಸುವುದಿಲ್ಲ. ಸೂತಕದವರಂತೆ ನೆಲದಲ್ಲಿ ಅಥವಾ ಕುಳ್ಳಾದ ಆಸನದಲ್ಲಿ ಕುಳಿತು ಪ್ರಲಾಪಗಳನ್ನು ಓದುತ್ತಾರೆ.

ಆರೋಗ್ಯ ಲೇಖನಗಳನ್ನು ಓದುವ ನಮ್ಮ ಸಂಚಿಕೆಯ ವಾಚಕರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಇಷ್ಟು ಕಠಿಣವಾದ ಉಪವಾಸದಲ್ಲಿಯೂ ರೋಗಿಗಳಿಗೆ ವಿನಾಯಿತಿಯಿದೆ. ಪ್ರಾಣರಕ್ಷಣೆಯ ಪ್ರಶ್ನೆ ಬಂದಾಗ ಸಬ್ಬತ್ ದಿನದ ನಿಯಮವನ್ನಾಗಲಿ, ವರ್ಷದ ಪರಮ ಪವಿತ್ರ ಉಪವಾಸವನ್ನಾಗಲಿ ಮುರಿಯಬಹುದು, ಮುರಿಯಲೇಬೇಕು ಎಂಬುದು ಯೆಹೂದ್ಯ ಧರ್ಮಶಾಸ್ತ್ರದ ತೀರ್ಪು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಲೇ ನಿರ್ಜಲ ಏಕಾದಶಿಯನ್ನು ಮಾಡಹೊರಡುವ ನಮ್ಮ ಮನೆಗಳ ಹಿರಿಯರೂ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಒಳಿತು. ಪುಣ್ಯನಗರಿಯ ನೆನಪು ಕೂಡ ಜೀವಕ್ಕಿಂತ ದೊಡ್ಡದಲ್ಲವೆಂದು ಆ ನಗರಿಗಾಗಿ ಅಷ್ಟು ಅತ್ತವರೇ ತೀರ್ಮಾನಿಸಿದ್ದಾರೆ.

ಕೊಂಕಣದ ಬಾಳೆಯೆಲೆಯಲ್ಲಿ ಜೆರುಸಲೇಮ್

ಬೆನೆ ಇಸ್ರಾಯೇಲರು ತಮ್ಮ ಪೂರ್ವಜರು ಹಡಗೊಡೆದು ಅಲಿಬಾಗ್ ಸಮೀಪದ ನವಗಾಂವ್ ತೀರಕ್ಕೆ ಬಂದು ಬಿದ್ದರೆಂದೂ, ಬದುಕಿ ಉಳಿದವರು ಏಳು ಜೋಡಿ ಗಂಡು ಹೆಣ್ಣುಗಳೆಂದೂ ಹೇಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಯಿತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಆಡುಭಾಷೆ ಮರಾಠಿ, ಹೆಂಗಸರ ಉಡುಗೆ ಸೀರೆ, ಮನೆತನದ ಹೆಸರು ಕೊಂಕಣದ ಊರಿನದು. ದಿವೆಯವರು ದಿವೇಕರ್, ರೋಹೆಯವರು ರೋಹೇಕರ್, ಪೆಣ್‌ನವರು ಪೆಣ್ಕರ್, ಕಿಹೀಮಿನವರು ಕೆಹೀಮ್ಕರ್. ಪ್ರಾರ್ಥನೆಯಲ್ಲಿ ಜೆರುಸಲೇಮ್, ಹೆಸರಿನಲ್ಲಿ ಕೊಂಕಣದ ಹಳ್ಳಿ. ಊರಿನ ಹೆಸರನ್ನು ತಮ್ಮ ಹೆಸರಿನ ಹಿಂದೆ ಮುಂದೆ ಕಟ್ಟಿಕೊಂಡೇ ಮುಂಬಯಿಗೆ ಬಂದ ನಮಗೆ ಇದು ಅಪರಿಚಿತವೇನಲ್ಲ.

ಹಬ್ಬಗಳಿಗೆ ಅವರು ಇಟ್ಟುಕೊಂಡ ಹೆಸರುಗಳು ಇನ್ನೂ ಸ್ವಾರಸ್ಯಕರ. ಹೊಸ ವರ್ಷದ ಹಬ್ಬ ‘ನವ್ಯಾಚಾ ಸಣ್’. ಪ್ರಾಯಶ್ಚಿತ್ತದ ಮಹಾ ಉಪವಾಸದಂದು ಬಾಗಿಲು ಮುಚ್ಚಿ ಒಳಗಿರುತ್ತಿದ್ದುದರಿಂದ ಅದು ‘ದಾರ್‌ಫಾಳ್ಣೀಚಾ ಸಣ್’. ಜೆರುಸಲೇಮಿನ ನಾಶದ ಉಪವಾಸಕ್ಕೆ ಹೆಸರು ‘ಬಿರ್ಡ್ಯಾಚಾ ರೋಜಾ’. ಬಿರ್ಡೆಯೆಂದರೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ವಾಲ್ ಕಾಳಿನ ಪಲ್ಯ; ನಮ್ಮ ಹಿದುಕಿದ ಅವರೆಯ ಸಮೀಪದ ಬಂಧು. ಅದನ್ನು ಬಾಳೆಯೆಲೆಯಲ್ಲಿ ಬಡಿಸಿಕೊಂಡು ಉಣ್ಣುವುದು ರೂಢಿ. ರೋಮನ್ನರು ಸುಟ್ಟ ದೇವಾಲಯದ ಶೋಕ ಕೊಂಕಣದ ಅಡಿಗೆಮನೆಯಲ್ಲಿ ಅವರೆಕಾಳಿನ ಹೆಸರು ಪಡೆದು ಉಳಿಯಿತು! ಶುಭಕಾರ್ಯಗಳಲ್ಲಿಯೂ ಹರಕೆ ಸಲ್ಲಿಸುವಾಗಲೂ ಪ್ರವಾದಿ ಎಲೀಯನ ಹೆಸರಿನಲ್ಲಿ ‘ಮಲೀದಾ’ ನಡೆಸುತ್ತಾರೆ. ತೋಯಿಸಿದ ಅವಲಕ್ಕಿಗೆ ತೆಂಗಿನತುರಿ, ಸಿಹಿ ಬೆರೆಸಿ ಹಣ್ಣುಗಳೊಡನೆ ಹಂಚುತ್ತಾರೆ. ನೋಡಿದ ಕನ್ನಡಿಗರಿಗೆ ನಮ್ಮ ಮನೆಯ ಪಂಚಕಜ್ಜಾಯದ ನೆನಪಾಗದಿರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿಯೂ ಅವರು ಹಾಡಿಸಿದರು.

ಮುಚ್ಚಿದ ದ್ವಾರ, ತೆರೆದ ದ್ವಾರ

ಜೆರುಸಲೇಮಿನಲ್ಲಿಯೂ ‘ದಯಾದ್ವಾರ’ವೆಂಬ ಹೆಸರಿನ ಬಾಗಿಲೊಂದಿದೆ. ದೇವಾಲಯದ ದಿಬ್ಬದ ಪೂರ್ವದ ಕೋಟೆಗೋಡೆಯಲ್ಲಿರುವ, ಸ್ವರ್ಣದ್ವಾರವೆಂದು ಪ್ರಸಿದ್ಧವಾದ ಆ ಬಾಗಿಲಿಗೆ ಹೀಬ್ರೂವಿನಲ್ಲಿ ಇದೇ ಹೆಸರು. ಲೋಕಕ್ಕೆ ಶಾಂತಿ ತರುವ ಮೆಸ್ಸೀಯನು ಆ ಬಾಗಿಲಿನಿಂದ ಬರುವನೆಂದು ಶ್ರದ್ಧಾವಂತರ ನಂಬಿಕೆ. ಆದರೆ ಹದಿನಾರನೆಯ ಶತಮಾನದಿಂದ ಅದು ಕಲ್ಲುಗಳಿಂದ ಮುಚ್ಚಲ್ಪಟ್ಟಿದೆ. ಅಲ್ಲಿ ಮುಚ್ಚಿದ ದಯಾದ್ವಾರ. ಇಲ್ಲಿ ಮಸ್ಜಿದ್ ಬಂದರದ ಗದ್ದಲದ ನಡುವೆ, ಮುಸಲ್ಮಾನರ, ಹಿಂದೂಗಳ, ಜೈನರ ಅಂಗಡಿಗಳ ನೆರೆಯಲ್ಲಿ, ಶತಮಾನಗಳಿಂದ ತೆರೆದುಕೊಂಡಿರುವ ದಯಾದ್ವಾರ.

ಆ ಊರು ಯೆಹೂದ್ಯರೊಬ್ಬರದೇ ಅಲ್ಲವೆಂಬುದನ್ನೂ ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಯೇಸುವನ್ನು ಶಿಲುಬೆಗೇರಿಸಿ ಸಮಾಧಿಮಾಡಿದರೆಂದು ಕ್ರೈಸ್ತರು ನಂಬುವ ಸ್ಥಳ ಅಲ್ಲಿದೆ. ಮುಸಲ್ಮಾನರು ಮೆಕ್ಕಾದ ಕಡೆಗೆ ತಿರುಗುವ ಮೊದಲು ನಮಾಜಿಗೆ ಮುಖಮಾಡುತ್ತಿದ್ದುದು ಆ ಊರಿಗೇ. ದೇವಾಲಯವಿದ್ದ ದಿಬ್ಬದ ಮೇಲೆ ಅಲ್ ಅಕ್ಸಾ ಮಸೀದಿಯೂ ಏಳನೆಯ ಶತಮಾನದ ಬಂಡೆಯ ಗುಮ್ಮಟವೂ ಇವೆ. ಊರು 1948ರ ಯುದ್ಧದಲ್ಲಿ ಇಬ್ಭಾಗವಾಯಿತು; 1967ರಲ್ಲಿ ಇಸ್ರೇಲ್ ಪೂರ್ವಭಾಗವನ್ನೂ ವಶಪಡಿಸಿಕೊಂಡಿತು. ಅದರ ಒಡೆತನದ ವಿವಾದ ಇಂದಿಗೂ ಬಗೆಹರಿದಿಲ್ಲ. ರಕ್ತ ಹರಿಯುವುದು ನಿಂತಿಲ್ಲ. ಯೆಹೂದ್ಯ ಗುರುಗಳು ಬಹಳ ಹಿಂದೆಯೇ ಜೆರುಸಲೇಮ್ ಎರಡಿವೆ ಎಂದಿದ್ದರು: ಒಂದು ಮೇಲಿನದು, ಇನ್ನೊಂದು ಕೆಳಗಿನದು. ಪಾಸ್ಕ ಹಬ್ಬದ ಭೋಜನದ ಕೊನೆಗೆ ಬರುವ ವರ್ಷ ಜೆರುಸಲೇಮಿನಲ್ಲಿ ಕೂಡೋಣವೆಂದು ಹಾರೈಸುವ ಪದ್ಧತಿಯಿದೆ. ಜೆರುಸಲೇಮಿನಲ್ಲೇ ವಾಸಿಸುವವರೂ ‘ಪುನಃ ಕಟ್ಟಿದ’ ಎಂಬ ಮಾತು ಸೇರಿಸಿ ಅದೇ ಹಾರೈಕೆಯನ್ನು ಮಾಡುತ್ತಾರೆ. ಅಂದಮೇಲೆ ಅವರು ಹಂಬಲಿಸುವ ಊರು ನಕ್ಷೆಯಲ್ಲಿ ಕಾಣುವ ಊರಷ್ಟೇ ಅಲ್ಲ.

ಊರಿಗೆ ಹೋದವರು, ಇಲ್ಲಿ ಉಳಿದವರು

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದಾಗ ಭಾರತದಲ್ಲಿ ಬೆನೆ ಇಸ್ರಾಯೇಲರು ಸುಮಾರು 20,000 ಮಂದಿ ಇದ್ದರು. ಇಲ್ಲಿ ಯಾರೂ ಅವರನ್ನು ಪೀಡಿಸಿರಲಿಲ್ಲ; ಆದರೂ ಶತಮಾನಗಳ ಪ್ರಾರ್ಥನೆಯ ದಿಕ್ಕಿಗೆ ಬಹುಪಾಲು ಮಂದಿ ಹೊರಟರು. ಹೋದಮೇಲೆ ಕಾದಿದ್ದುದು ಒಂದು ಕಹಿ ಅನುಭವ. 1960ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯ ಧರ್ಮಾಧಿಕಾರಿಗಳು, ಬೆನೆ ಇಸ್ರಾಯೇಲರು ಬೇರೆ ಯೆಹೂದ್ಯರೊಡನೆ ಮದುವೆಯಾಗಬೇಕಾದರೆ ಅವರ ತಲೆಮಾರುಗಳ ವಂಶಶುದ್ಧಿಯನ್ನು ವಿಚಾರಿಸಬೇಕೆಂದು ವಿಧಿಸಿದರು. ಎರಡು ಸಾವಿರ ವರ್ಷ ಜೆರುಸಲೇಮಿನ ಕಡೆಗೆ ಮುಖಮಾಡಿದ್ದವರನ್ನು ಜೆರುಸಲೇಮ್ ‘ನೀವು ಯಾರು?’ ಎಂದು ಕೇಳಿದಂತಾಯಿತು. ಅವರು ಆ ಊರಿನಲ್ಲಿಯೇ ಧರಣಿ ಕುಳಿತರು. 1964ರಲ್ಲಿ ಇಸ್ರೇಲಿನ ಸಂಸತ್ತು ಅವರು ಎಲ್ಲ ರೀತಿಯಲ್ಲಿಯೂ ಯೆಹೂದ್ಯರೆಂದು ಘೋಷಿಸಿತು, ನಿಯಮ ಸಡಿಲವಾಯಿತು.

ಅದೇ ಜನ ಅಲ್ಲಿ ಮರಾಠಿ ಭಾಷೆಯಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಅದರ ಹೆಸರು ‘ಮಾಯ್‌ಬೋಲಿ’, ಅಂದರೆ ತಾಯ್ನುಡಿ. ಇಲ್ಲಿದ್ದಾಗ ಜೆರುಸಲೇಮ್ ನೆನಪು. ಅಲ್ಲಿ ಹೋದಮೇಲೆ ಕೊಂಕಣದ ನೆನಪು. ಇಸ್ರೇಲಿನಲ್ಲಿಯೂ ಮಲೀದಾ ನಡೆಯುತ್ತದೆ.

ಇಲ್ಲಿಯೇ ಉಳಿದವರಲ್ಲಿ ನಮಗೆ ಗೊತ್ತಿರಬೇಕಾದವರು ಅನೇಕರು. ‘ಬೂಟ್ ಪಾಲಿಷ್’ ಚಿತ್ರದ ಜಾನ್ ಚಾಚಾ ಪಾತ್ರದಿಂದ ಮನೆಮಾತಾದ ನಟ ಡೇವಿಡ್, ಇಂಗ್ಲಿಷ್ ಕವಿ ನಿಸ್ಸೀಮ್ ಎಜೆಕೀಲ್ ಈ ಸಮುದಾಯದವರೇ. ವಿಶೇಷವಾಗಿ ಸ್ಮರಿಸಬೇಕಾದವರು ಡಾ. ಜೆರುಶಾ ಝಿರಾಡ್. ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದ ಈಕೆ ಲಂಡನ್ನಿನಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿಶಾಸ್ತ್ರವನ್ನು ಅಭ್ಯಸಿಸಿ ಎಂ.ಡಿ. ಪದವಿ ಗಳಿಸಿದರು, 1947ರವರೆಗೆ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಾಗಿದ್ದರು. ಬಾಣಂತಿಯರ ಸಾವನ್ನು ತಗ್ಗಿಸುವುದೇ ತಮ್ಮ ಕಾರ್ಯವೆಂದು ದುಡಿದ ಅವರಿಗೆ 1966ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1984ರಲ್ಲಿ ಅವರು ತೀರಿಕೊಂಡರು. ಇಂದು ಮುಂಬಯಿ, ಠಾಣೆಗಳಲ್ಲಿ ಸೇರಿ ಉಳಿದಿರುವವರು ಕೆಲವೇ ಸಾವಿರ. 2016ರಲ್ಲಿ ಮಹಾರಾಷ್ಟ್ರ ಸರಕಾರ ಯೆಹೂದ್ಯರಿಗೆ ಅಲ್ಪಸಂಖ್ಯಾತರೆಂಬ ಮಾನ್ಯತೆಯನ್ನು ನೀಡಿತು.

ನಮಗೆ ಇದರಿಂದೇನು?

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ನಮ್ಮ ಊರನ್ನು ಯಾರೂ ಸುಟ್ಟಿಲ್ಲ. ರಾತ್ರಿ ಬಸ್ಸಿಗೋ ಕೊಂಕಣ ರೈಲಿಗೋ ಚೀಟಿ ಕೊಂಡರೆ ಮರುದಿನ ಅಂಗಳದಲ್ಲಿರುತ್ತೇವೆ. ಆದರೂ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆ ಅಂಗಳ ಬೇಸಿಗೆ ರಜೆಯ ಒಂದು ವಾರಕ್ಕೆ, ಮೊಮ್ಮಕ್ಕಳಿಗೆ ಬರಿಯ ಹೆಸರಿಗೆ ಇಳಿಯುತ್ತಿರುವುದು ನಿಜ. ಈ ಊರನ್ನು ಉಳಿಸಿಕೊಳ್ಳುವುದು ಹೇಗೆಂದು ಸಂಘದ ಪ್ರತಿ ವಾರ್ಷಿಕೋತ್ಸವದಲ್ಲಿಯೂ ನಾವು ಭಾಷಣ ಮಾಡುತ್ತೇವೆ.

ಯೆಹೂದ್ಯರ ಚರಿತ್ರೆ ಕೊಡುವ ಉತ್ತರ ಸರಳವಾಗಿದೆ. ವರ್ಷಕ್ಕೊಂದು ದಿನದ ಗದ್ಗದಕಂಠದಿಂದ ಊರು ಉಳಿಯುವುದಿಲ್ಲ. ದಿನಚರಿಯಲ್ಲಿ, ಅಡಿಗೆಮನೆಯಲ್ಲಿ, ಪುಸ್ತಕದ ಓದಿನಲ್ಲಿ ಸೇರಿಕೊಂಡರೆ ಉಳಿಯುತ್ತದೆ. ನಮ್ಮಲ್ಲಿಯೂ ಇದರ ಉದಾಹರಣೆಗಳಿವೆ. ತುಳುನಾಡಿನ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಮರದ ತೊಗಟೆಯ ಕಷಾಯವನ್ನು ಮುಂಬಯಿಯಲ್ಲಿಯೂ ಕುಡಿಯುವವರಿದ್ದಾರೆ. ಮರದ ಗುರುತು ಬಲ್ಲವರು ತಂದುದನ್ನಷ್ಟೇ ಕುಡಿಯಬೇಕೆಂಬ ಎಚ್ಚರವೂ ಅದರೊಡನೆ ಬಂದಿದೆ. ಮೂಗು ಮುಚ್ಚಿ ಆ ಕಹಿಯನ್ನು ನುಂಗಿದ ಮಗುವಿಗೆ ಊರಿನ ವಿಷಯದಲ್ಲಿ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಗೋಡೆಗೆ ತೂಗುಹಾಕಿದ ಊರಿನ ಪಂಚಾಂಗ, ಮನೆಯಲ್ಲಿ ಕಡ್ಡಾಯವಾಗಿ ಆಡುವ ಕನ್ನಡ, ಮಕ್ಕಳಿಗೆ ಕಲಿಸುವ ನಾಲ್ಕಕ್ಷರ, ಇವು ನಮ್ಮ ಗಿಲಾವು ಮಾಡದೆ ಬಿಟ್ಟ ಮೊಳದಷ್ಟು ಗೋಡೆಗಳು.

ಇನ್ನೊಂದು ಎಚ್ಚರವೂ ಇದೆ. ನೆನಪಿನ ಊರನ್ನು ನೆಲದ ಊರೆಂದು ಭ್ರಮಿಸಿದರೆ ನೋವು ತಪ್ಪದು. ಹಿಂದಿರುಗಿದವನನ್ನು ಊರು ಗುರುತಿಸದೇ ಇರಬಹುದು. ಆ ಊರು ತನ್ನೊಬ್ಬನದೇ ಎಂದು ಹಟ ಹಿಡಿದರೆ ನೆನಪೇ ಜಗಳವಾಗಬಹುದು. ಮೈಸೂರಿನ ಸೆರೆಯಲ್ಲಿ ಪ್ರಾಣಭಿಕ್ಷೆ ಪಡೆದ ಸಾಮಾಜಿಯಾದರೋ ತನ್ನ ಹರಕೆಯನ್ನು ತೀರಿಸಲು ಜೆರುಸಲೇಮಿಗೆ ಹೋಗಲಿಲ್ಲ. ತಾನು ಅನ್ನ ದುಡಿಯುತ್ತಿದ್ದ ಊರಿನಲ್ಲಿ, ನೆರೆಯವರ ನಡುವೆ, ಒಂದು ಬಾಗಿಲನ್ನು ಕಟ್ಟಿಸಿದನು.

ಮುಂದಿನ ಸಲ ಸಾಮಾನು ಕೊಳ್ಳಲು ಮಸ್ಜಿದ್ ನಿಲ್ದಾಣದಲ್ಲಿ ಇಳಿದಾಗ, ವಾಚಕರು ಸ್ಯಾಮ್ಯುಯೆಲ್ ಬೀದಿಯಲ್ಲಿ ಹತ್ತು ನಿಮಿಷ ನಡೆದು ಆ ಬಾಗಿಲನ್ನೊಮ್ಮೆ ನೋಡಿಬರಬೇಕೆಂದು ವಿನಂತಿ. ಜೊತೆಗೆ ಮಕ್ಕಳನ್ನೂ ಕರೆದೊಯ್ದರೆ ಉತ್ತಮ.